ನಿಕ್ಕಲ್ ಪರಮೇಶಣ್ಣನ ಹಸಿರು ಕಲ್ಲು

ಪರಮೇಶಣ್ಣ ತಮ್ಮ ಕೆಲಸವನ್ನು ಹಲ್ಲಿನಿಂದ ಪರೀಕ್ಷೆ ಮಾಡುತ್ತಿದ್ದರು. ಕಚ್ಚಿ ಅಲ್ಲ, ಕಿಸಿದು. ನಿಕ್ಕಲ್ ತೊಟ್ಟಿಯಿಂದ ಎತ್ತಿದ ಸೈಕಲ್ ಹ್ಯಾಂಡಲ್ಲನ್ನೋ ಸ್ಕೂಟರಿನ ಬಂಪರನ್ನೋ ನೀರಿನಲ್ಲಿ ಜಾಲಿಸಿ, ಮರದ ಹೊಟ್ಟಿನಲ್ಲಿ ಹೊರಳಿಸಿ ಒಣಗಿಸಿ, ಮುಖದೆದುರು ಹಿಡಿದು ಹಲ್ಲು ಕಿಸಿಯುತ್ತಿದ್ದರು. ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಎಲೆಯಡಿಕೆಯ ಚೂರು ಅದರಲ್ಲಿ ಕಂಡರೆ ಮಾಲು ಪಾಸು. ಕಾಣದಿದ್ದರೆ ಮತ್ತೆ ಬಫಿಂಗ್ ಚಕ್ರಕ್ಕೆ ಹಿಡಿದು ಉಜ್ಜುವುದು, ಮತ್ತೆ ತೊಟ್ಟಿ. ಸವಳಂಗ ರಸ್ತೆಗೆ ಹೊಸದಾಗಿ ಬಂದವರು, ಇದ್ಯಾರಪ್ಪ ಹ್ಯಾಂಡಲ್ ನೋಡಿಕೊಂಡು ನಗುವವರು ಎಂದು ಒಂದು ಗಳಿಗೆ ನಿಂತು ನೋಡಿ ಹೋಗುತ್ತಿದ್ದರು.

ತೊಂಬತ್ತರ ದಶಕದ ನಡುವಿನ ವರ್ಷಗಳ ಮಾತು. ಭದ್ರಾವತಿಯ ಜನ್ನಾಪುರದಲ್ಲಿ ನಮ್ಮ ಮನೆ, ಎರಡು ಬೀದಿ ಆಚೆ ಅವರ ಮನೆ. ಲೋಹದ ಸಾಮಾನಿಗೆ ನಿಕ್ಕಲ್ ಲೇಪ ಹಾಕುವ ಅವರ ಪ್ಲೇಟಿಂಗ್ ಅಂಗಡಿ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ. ಅದರ ಎದುರಿನ ಮಹಡಿಯ ಮೇಲೆ ಷೇರು ಏಜೆಂಟರೊಬ್ಬರ ಆಫೀಸಿನಲ್ಲಿ ನನಗೆ ಕೆಲಸ. ಹಾಗಾಗಿ ಬೆಳಗಿನ ಬಸ್ಸು ಇಬ್ಬರಿಗೂ ಒಂದೇ. ಮುಂಚೆ ಹತ್ತಿದರೆ ಅವರು ನನಗೆ ಸೀಟಿನ ಮೇಲೆ ಟವೆಲ್ ಹಾಕಿಟ್ಟಿರುತ್ತಿದ್ದರು. ಆ ಟವೆಲ್ಲಿಗೆ ಆಸಿಡ್ಡಿನ ವಾಸನೆ. ಕೆಲವರು ಅದರ ವಾಸನೆಗೇ ಆ ಸೀಟಿನ ಹತ್ತಿರ ಸುಳಿಯುತ್ತಿರಲಿಲ್ಲ, ನನಗೆ ಅನುಕೂಲವಾಗುತ್ತಿತ್ತು.

ದಾರಿಯುದ್ದಕ್ಕೂ ಅವರಿಗೆ ಮಾತು ಒಂದೇ, ನಿಕ್ಕಲ್ಲು. ಬಸ್ಸಿನ ಕಂಬಿ, ಕಂಡಕ್ಟರನ ಸೀಟಿ, ನನ್ನ ಟಿಫಿನ್ ಡಬ್ಬಿಯ ಚಿಲಕ, ಯಾವುದು ಕಣ್ಣಿಗೆ ಬಿದ್ದರೂ ಅಲ್ಲಿಗೇ ಬಂದು ನಿಲ್ಲುತ್ತಿದ್ದರು.

"ಎಲ್ಲರೂ ಕ್ರೋಮು ಕ್ರೋಮು ಅಂತಾರೆ ಮಾರಾಯ್ತಿ. ಕೆಳಗೆ ನಿಕ್ಕಲ್ ಪದರ ಇಲ್ದಿದ್ರೆ ಮೇಲಿನ ಆ ಕ್ರೋಮು ಒಂದು ಮಳೆಗಾಲ ತಡಿಯಲ್ಲ. ಹೆಸರು ಕ್ರೋಮಿಂದು, ದುಡಿಯೋದು ನಿಕ್ಕಲ್ಲು."

ಈ ಮಾತನ್ನು ಮನೆಯಲ್ಲಿ ಹೇಳಿದಾಗ ಅವರ ಹೆಂಡತಿ ಶಾಂತಕ್ಕ, ಹಂಗಾದ್ರೆ ಈ ಮನೇಲಿ ನಿಕ್ಕಲ್ ನಾನೇ ಎಂದಿದ್ದರಂತೆ. ಅದನ್ನು ಹೇಳಿಕೊಂಡು ಅವರು ಮಲವಗೊಪ್ಪ ದಾಟುವ ತನಕ ನಗುತ್ತಿದ್ದರು.

ಅವರ ಅಂಗಡಿಯಲ್ಲಿ ಗ್ಯಾರಂಟಿ ಚೀಟಿ ಎಂಬುದು ಇರಲಿಲ್ಲ. ಎರಡು ಮಳೆಗಾಲದೊಳಗೆ ತುಕ್ಕು ಬಂದರೆ ತಂದುಕೊಡಿ ಎನ್ನುತ್ತಿದ್ದರು, ಅಷ್ಟೆ. ಅಪರೂಪಕ್ಕೆ ಯಾರಾದರೂ ತಂದರೆ ಒಂದು ಮಾತೂ ಆಡದೆ ಪುಕ್ಕಟೆ ಮಾಡಿಕೊಡುತ್ತಿದ್ದರು. ಅದರಿಂದಾಗಿ ಎರಡೂ ಊರಿನಲ್ಲಿ ಹಳೇ ಸೈಕಲ್ ಮಾರುವವರು ಕೂಡ ಇದಕ್ಕೆ ಪರಮೇಶಪ್ಪನ ನಿಕ್ಕಲ್ ಹಾಕಿಸಿದೆ ಎಂದು ಹೇಳಿ ನಾಲ್ಕು ಕಾಸು ಜಾಸ್ತಿ ಕೇಳುತ್ತಿದ್ದರು. ಬ್ಯಾಂಡ್‌ಸೆಟ್ಟಿನವರು ಮದುವೆ ಸೀಸನ್ನಿಗೆ ಮುಂಚೆ ತುತ್ತೂರಿಗಳನ್ನೆಲ್ಲ ಮೂಟೆ ಕಟ್ಟಿ ಅವರಲ್ಲಿಗೇ ತರುತ್ತಿದ್ದರು. ಅವರಿಗಿದ್ದ ಆಸ್ತಿ ಎಂದರೆ ಈ ಹೆಸರೊಂದೇ, ಅದು ಅವರಿಗೂ ಗೊತ್ತಿತ್ತು.

ಆ ಕಾಲದಲ್ಲಿ ಷೇರಿನ ಹುಚ್ಚು ಹೇಗಿತ್ತೆಂದರೆ ಬೀಡಾ ಅಂಗಡಿಯಲ್ಲೂ ಅರ್ಜಿ ಫಾರಂ ತೂಗುಹಾಕಿರುತ್ತಿದ್ದರು. ಅಡಿಕೆ ಮಂಡಿಯ ಗುಮಾಸ್ತರು, ಕಾರ್ಖಾನೆಯ ಕಾರ್ಮಿಕರು, ಕಾಲೇಜು ಮೇಷ್ಟ್ರುಗಳು ಎಲ್ಲರೂ ನಮ್ಮ ಆಫೀಸಿನ ಮೆಟ್ಟಿಲು ಹತ್ತುತ್ತಿದ್ದರು. ಪರಮೇಶಣ್ಣ ಮಾತ್ರ ಕೆಳಗೆ ನಿಂತು, ಅಷ್ಟೊಂದು ಕಾಗದ ತಗೊಂಡು ಒಲೆ ಹಚ್ತೀರೇನು ಎಂದು ನನ್ನನ್ನು ರೇಗಿಸುತ್ತಿದ್ದರು. ಹೀಗಿರುವಾಗ ಒರಿಸ್ಸಾ ಕಡೆ ನಿಕ್ಕಲ್ ಗಣಿ ತೋಡುತ್ತೇವೆ ಎಂದು ಒಂದು ಪುಟ್ಟ ಕಂಪನಿ ಷೇರು ಬಿಟ್ಟಿತು. ಆ ಕಂಪನಿಯ ಕಡೆಯವನೊಬ್ಬ ಊರೂರು ತಿರುಗುತ್ತ ನಮ್ಮ ಆಫೀಸಿಗೂ ಬಂದ. ಅವನ ಚೀಲದಲ್ಲಿ ಅದಿರಿನ ಕಲ್ಲುಗಳಿದ್ದವು. ಕೆಳಗಿನ ಬೋರ್ಡಿನಲ್ಲಿ ನಿಕ್ಕಲ್ ಎಂಬ ಅಕ್ಷರ ಕಂಡು, ತಾನಾಗಿಯೇ ಇಳಿದು ಹೋಗಿ ಪರಮೇಶಣ್ಣನ ಕೈಗೆ ಒಂದು ಕಲ್ಲು ಕೊಟ್ಟ.

ಆ ಕಲ್ಲು ಹಸಿರಾಗಿತ್ತು. ಅವರ ತೊಟ್ಟಿಯೊಳಗಿನ ದ್ರಾವಣದ ಬಣ್ಣವೂ ಅಂಥದೇ ಹಸಿರು. ವರ್ಷಗಟ್ಟಲೆ ಆ ಹಸಿರಿನಲ್ಲಿ ಕೈ ಅದ್ದಿದ್ದವರು ಕಲ್ಲನ್ನು ಬಿಸಿಲಿಗೆ ಹಿಡಿದು ಹೊರಳಿಸಿ ಹೊರಳಿಸಿ ನೋಡಿದರು. ಆದರೂ ಕಣ್ಣನ್ನು ನಂಬಿಬಿಡುವ ಪೈಕಿ ಅಲ್ಲ. ಕಲ್ಲನ್ನು ಕುಟ್ಟಿ, ಆಸಿಡ್ಡಿನಲ್ಲಿ ಹಾಕಿ ಕಾಯಿಸಿದರು, ನೀರು ಹಸಿರಾಯಿತು. ತಾಮ್ರವಿದ್ದರೂ ಹಸಿರು ಬರುತ್ತದೆಂದು ಅದರಲ್ಲಿ ತಿಕ್ಕಿದ ಬ್ಲೇಡೊಂದನ್ನು ಅದ್ದಿ ನೋಡಿದರು. ತಾಮ್ರವಾಗಿದ್ದರೆ ಬ್ಲೇಡು ಕೆಂಪಗಾಗಬೇಕಿತ್ತು, ಆಗಲಿಲ್ಲ. ಆ ಸಂಜೆ ಮೊದಲ ಸಲ ಅವರು ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದು ಫಾರಂ ಕೇಳಿದರು.

ನಾನು ಫಾರಂ ಕೊಡಲಿಲ್ಲ. ಮೊದಲು ಇದನ್ನು ಓದಿ ಎಂದು ಕಂಪನಿಯ ಪುಸ್ತಕ ಕೊಟ್ಟೆ. ಇಂಗ್ಲಿಷಿನ ಸಣ್ಣಕ್ಷರ, ನೀನೇ ಓದಿ ಹೇಳು ಎಂದರು. ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ, ಕೊನೆಯ ಹಾಳೆಗಳಲ್ಲಿ ಅಪಾಯಗಳು ಎಂದು ಒತ್ತೊತ್ತಾಗಿ ಅಚ್ಚಾಗಿದ್ದ ಸಾಲುಗಳನ್ನು ಒಂದೊಂದಾಗಿ ಕನ್ನಡ ಮಾಡಿ ಹೇಳುತ್ತ ಹೋದೆ. ಕಂಪನಿಗೆ ಗಣಿಯ ಗುತ್ತಿಗೆ ಇನ್ನೂ ಕೈಸೇರಿಲ್ಲ, ಸೇರದೆಯೂ ಹೋಗಬಹುದು. ನೆಲದಡಿ ಅದಿರು ಎಷ್ಟಿದೆ ಎನ್ನುವುದು ಬರೀ ಅಂದಾಜು. ಅದಿರಿನಿಂದ ನಿಕ್ಕಲ್ ಬೇರೆ ಮಾಡುವ ಕಾರ್ಖಾನೆಗೆ ಈಗೆತ್ತುವ ಹಣ ಸಾಲುವುದಿಲ್ಲ. ಇವತ್ತಿನವರೆಗೆ ಕಂಪನಿಗೆ ಒಂದು ಪೈಸೆ ಸಂಪಾದನೆಯಿಲ್ಲ. ನಾಳೆ ಷೇರು ಮಾರಲು ಹೋದರೆ ಕೊಳ್ಳುವವರು ಸಿಗದಿರಬಹುದು.

ಪರಮೇಶಣ್ಣ ಎಲ್ಲವನ್ನೂ ತಲೆಯಾಡಿಸುತ್ತ ಕೇಳಿದರು.

"ಮಾತ್ರೆ ಡಬ್ಬೀಲಿ ಒಂದು ಚೀಟಿ ಇಟ್ಟಿರ್ತಾರಲ್ಲ, ಅದ್ರಲ್ಲೂ ಹಿಂಗೇ ಬರ್ದಿರ್ತಾರೆ. ತಲೆ ಸುತ್ತುತ್ತೆ, ವಾಂತಿ ಬರುತ್ತೆ, ಅದೂ ಇದೂ. ಅದ್ನ ಓದ್ಕೊಂಡು ಕೂತ್ರೆ ಯಾರಾದ್ರೂ ಮಾತ್ರೆ ನುಂಗ್ತಾರಾ?"

"ಅಣ್ಣ, ಕಲ್ಲಲ್ಲಿ ನಿಕ್ಕಲ್ ಇದೆ, ಒಪ್ತೀನಿ. ಕಂಪನೀಲಿ ಏನಿದೆ?"

"ಕಲ್ಲು ನಿಜ ಅಂದ್ಮೇಲೆ ಇನ್ನೇನು ಮಾರಾಯ್ತಿ. ಸುಳ್ಳಿನ ಕಲ್ಲು ತಂದಿದ್ರೆ ನಾನೇ ಕತ್ತು ಹಿಡಿದು ಆಚೆ ತಳ್ತಿದ್ದೆ."

ಅವರ ತಪ್ಪು ಇಷ್ಟೇ. ಬೇರೆಯವರು ಕಂಪನಿಯ ಬಣ್ಣದ ಹಾಳೆ ನೋಡಿ ಮರುಳಾದರು, ಇವರು ಪರೀಕ್ಷೆ ಮಾಡಿ ಮರುಳಾದರು. ನಿಕ್ಕಲ್ ಹಾಕುವವರಿಗಲ್ಲದೆ ಬೇರೆ ಯಾರಿಗೂ ಈ ತಪ್ಪು ಮಾಡುವ ಯೋಗ್ಯತೆ ಇರಲಿಲ್ಲ. ಅವರ ಪರೀಕ್ಷೆಯಲ್ಲಿ ಕಲ್ಲು ಪಾಸಾಗಿತ್ತು, ಕಂಪನಿ ಪರೀಕ್ಷೆಗೆ ಕೂತೇ ಇರಲಿಲ್ಲ. ಇದನ್ನು ನಾನು ಹೇಳಿದೆ, ನಮ್ಮ ಏಜೆಂಟರೂ ಹೇಳಿದರು. ಪರಮೇಶಣ್ಣ ಕೇಳಲಿಲ್ಲ, ಹಣ ತಂದರು.

ಹಣ ಎಲ್ಲಿಂದ ಬಂತೆಂದು ತಿಳಿದಾಗ ನನಗೆ ಸಿಟ್ಟು ತಡೆಯಲಾಗಲಿಲ್ಲ. ತೊಟ್ಟಿಯಲ್ಲಿ ಇಳಿಬಿಡುವ ನಿಕ್ಕಲ್ ಪ್ಲೇಟುಗಳಿರುತ್ತವೆ, ಅವು ಕರಗುತ್ತ ಕರಗುತ್ತ ಹೋಗಿ ಹ್ಯಾಂಡಲ್ಲಿನ ಮೇಲೆ ಕೂರುತ್ತವೆ. ಅವುಗಳ ಬೆಲೆ ಪ್ರತಿಸಲವೂ ಏರಿರುತ್ತಿತ್ತೆಂದು ಪರಮೇಶಣ್ಣ ವರ್ಷಗಳಿಂದ ಒಂದೊಂದೇ ಕೊಂಡು ಗೋಣಿಚೀಲದಲ್ಲಿ ಸುತ್ತಿ ಕೂಡಿಟ್ಟಿದ್ದರು. ಆ ಪ್ಲೇಟುಗಳನ್ನು ಮಾರಿದ್ದರು. ಕೈಯಲ್ಲಿದ್ದ ನಿಕ್ಕಲ್ ಕೊಟ್ಟು ನೆಲದೊಳಗಿನ ನಿಕ್ಕಲ್ ಕೊಂಡರು ಎಂದು ನಾನು ಆಡಿಕೊಂಡೆ. ಅವರು ಬೇಸರ ಮಾಡಿಕೊಳ್ಳದೆ, ಎಷ್ಟು ದಿನ ಅಂತ ಕೊಳ್ಳೋನಾಗೇ ಇರ್ಲಿ, ಅಗಿಯೋನಾಗ್ಬೇಕು, ನಿಕ್ಕಲ್ ಬೆಲೆ ಆಕಾಶಕ್ಕೇರುತ್ತೆ ನೋಡ್ತಿರು ಎಂದರು.

ಷೇರು ಮೊದಮೊದಲು ಸ್ವಲ್ಪ ಏರಿತು. ಅವತ್ತು ನಮ್ಮ ಆಫೀಸಿಗೆಲ್ಲ ಮಂಡಕ್ಕಿ ಮೆಣಸಿನಕಾಯಿ ಬೋಂಡಾ ತರಿಸಿಕೊಟ್ಟರು. ಮಾರಿಬಿಡಿ ಎಂದರೆ, ಗಣಿ ಶುರುವಾಗೋಕೆ ಮುಂಚೇನೇ ಮಾರ್ತಾರಾ ಎಂದು ನನ್ನನ್ನೇ ಕೇಳಿದರು. ಆಮೇಲೆ ಬೆಲೆ ಇಳಿಯಿತು. ಅರ್ಧಕ್ಕರ್ಧ ಆದಾಗ, ಈಗ ಅಗ್ಗಕ್ಕೆ ಸಿಗುತ್ತೆ ಎಂದು ಉಳಿದಿದ್ದ ಪ್ಲೇಟುಗಳನ್ನೂ ಮಾರಿ ಮತ್ತಷ್ಟು ಕೊಂಡರು. ಇನ್ನೂ ಇಳಿಯಿತು, ಕೊನೆಗೆ ಕೊಳ್ಳುವವರೇ ಇಲ್ಲವಾದರು. ಕಂಪನಿಗೆ ನಾನು ಅವರ ಪರವಾಗಿ ಬರೆದ ಕಾಗದಗಳು ವಿಳಾಸದಲ್ಲಿ ಯಾರೂ ಇಲ್ಲವೆಂಬ ಷರಾದೊಂದಿಗೆ ವಾಪಸು ಬಂದವು.

ಒಂದು ದಿನ ಪರಮೇಶಣ್ಣ ಅಂಗಡಿಗೆ ಬೀಗ ಹಾಕಿ, ಮನೆಯಲ್ಲಿ ಶ್ರೀಶೈಲಕ್ಕೆ ಹೋಗುತ್ತೇನೆಂದು ಹೇಳಿ ಒರಿಸ್ಸಾಕ್ಕೆ ರೈಲು ಹತ್ತಿದರು. ವಾಪಸು ಬಂದವರು ಬಸ್ಸಿನಲ್ಲಿ ನನ್ನ ಪಕ್ಕ ಕೂತರು.

"ಕಲ್ಲು ಇದೆ ಮಾರಾಯ್ತಿ. ಗುಡ್ಡದ ತುಂಬ ಇದೆ. ಕಂಪನಿ ಇಲ್ಲ."

ಅಲ್ಲಿ ಒಂದು ಬೋರ್ಡು ಇತ್ತಂತೆ, ಒಂದು ಗುಂಡಿ ಇತ್ತಂತೆ, ಗುಂಡಿಯ ತುಂಬ ಮಳೆನೀರು. ಸರ್ಕಾರದಿಂದ ಗುತ್ತಿಗೆ ಸಿಗಲೇ ಇಲ್ಲ, ಅಗೆಯಲು ಬಂದವರು ಒಂದು ಬೇಸಿಗೆಯೂ ನಿಲ್ಲಲಿಲ್ಲ ಎಂದು ದನ ಕಾಯುವವರು ಹೇಳಿದರಂತೆ. ಹೇಳುವಾಗ ಅವರ ದನಿಯಲ್ಲಿ ದುಃಖದ ಜೊತೆಗೆ ಒಂದು ಬಗೆಯ ಸಮಾಧಾನವೂ ಇತ್ತು. ಕಲ್ಲಿನ ವಿಷಯದಲ್ಲಿ ತಾನು ಮೋಸಹೋಗಲಿಲ್ಲ ಎಂಬ ಸಮಾಧಾನ ಅದು. ಅಲ್ಲಿಂದ ಒಂದು ಕಲ್ಲು ತಂದಿದ್ದರು. ಶಾಂತಕ್ಕ ಅದನ್ನು ಶ್ರೀಶೈಲದ ಕಲ್ಲೆಂದುಕೊಂಡು ವಿಭೂತಿ ಹಚ್ಚಿ ದೇವರ ಗೂಡಿನಲ್ಲಿಟ್ಟು ಪೂಜೆಗೆ ಶುರುಮಾಡಿದರು. ಅಲ್ಲ ಎನ್ನುವ ಧೈರ್ಯ ಪರಮೇಶಣ್ಣನಿಗೆ ಇರಲಿಲ್ಲ. ಶಾಂತಕ್ಕನಿಗೆ ನಿಜ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಸುಮ್ಮನಿದ್ದರೋ, ನನಗೆ ಇವತ್ತಿಗೂ ತಿಳಿಯದು.

ದುಡ್ಡು ಹೋದದ್ದನ್ನು ಅವರು ಸಹಿಸಿಕೊಂಡರು. ಸಹಿಸಲಾಗದ್ದು ಬಂದದ್ದು ಆಮೇಲೆ. ಹೊಸ ಪ್ಲೇಟು ಕೊಳ್ಳುವ ಶಕ್ತಿಯಿಲ್ಲದೆ ತೊಟ್ಟಿಯಲ್ಲಿ ಉಳಿದ ಸವಕಲು ತುಂಡುಗಳಲ್ಲೇ ಕೆಲಸ ನಡೆಸಬೇಕಾಯಿತು. ನಿಕ್ಕಲ್ ಉಳಿಸಲು ಮಾಲನ್ನು ಹೊತ್ತಿಗೆ ಮುಂಚೆಯೇ ಎತ್ತಬೇಕಾಯಿತು. ಎತ್ತಿದಾಗ ಹೊಳಪಿಗೇನೂ ಕೊರತೆಯಿಲ್ಲ, ಆದರೆ ಪದರ ತೆಳು. ಆ ವರ್ಷ ಮದುವೆ ಸೀಸನ್ನು ಮುಗಿಯುವ ಮೊದಲೇ ಬ್ಯಾಂಡ್‌ಸೆಟ್ಟಿನ ಯಜಮಾನ ತನ್ನ ತುತ್ತೂರಿ ತಂದು ಬೆಂಚಿನ ಮೇಲಿಟ್ಟ. ಊದುವಾಗ ಹಿಡಿಯುವ ಕಡೆಯೆಲ್ಲ ನಿಕ್ಕಲ್ ಹೊಟ್ಟಿನ ಹಾಗೆ ಎದ್ದು ಬಂದಿತ್ತು. ಅವನು ಬೈಯಲಿಲ್ಲ. ನಿಮ್ ಕೈದಲ್ಲ ಅಲ್ವಾ ಇದು, ಯಾರೋ ಹುಡುಗ್ರು ಮಾಡಿರ್ಬೇಕು ಎಂದಷ್ಟೇ ಕೇಳಿದ. ಪರಮೇಶಣ್ಣನ ಅಂಗಡಿಯಲ್ಲಿ ಹುಡುಗರು ಯಾವತ್ತೂ ಇರಲಿಲ್ಲ. ಆ ತುತ್ತೂರಿಯನ್ನು ಉಳಿದ ನಿಕ್ಕಲ್ಲನ್ನೆಲ್ಲ ಹಾಕಿ ಸರಿಯಾಗಿ ಮಾಡಿಕೊಟ್ಟು, ತಿಂಗಳು ತುಂಬುವುದರೊಳಗೆ ತೊಟ್ಟಿ ಮಾರಿ ಅಂಗಡಿ ಮುಚ್ಚಿದರು. ಕೇಳಿದವರಿಗೆಲ್ಲ, ಕೈ ನೋವು, ನಿಕ್ಕಲ್ ಬಿಟ್ಟೆ ಎನ್ನುತ್ತಿದ್ದರು.

ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಯಾರು ಯಾರೋ ಬಂದು ಕೂರತೊಡಗಿದರು. ಆಸಿಡ್ಡಿನ ವಾಸನೆಗೆ ಮೂಗು ಮುಚ್ಚುತ್ತಿದ್ದ ನಾನು ಅದಕ್ಕಾಗಿ ಹಂಬಲಿಸುತ್ತೇನೆಂದು ಎಣಿಸಿರಲಿಲ್ಲ. ಕಂಬಿ ಹಿಡಿದಾಗಲೆಲ್ಲ, ಕೆಳಗೆ ನಿಕ್ಕಲ್ ಇದೆಯೋ ಇಲ್ಲವೋ ಎಂದು ಕೇಳಬೇಕೆನ್ನಿಸುತ್ತಿತ್ತು. ಕೆಲವು ವರ್ಷಗಳಲ್ಲಿ ನನಗೂ ಮದುವೆಯಾಗಿ ಶಿವಮೊಗ್ಗಕ್ಕೇ ಬಂದುಬಿಟ್ಟೆ. ಅವರನ್ನು ನೋಡಬೇಕು ನೋಡಬೇಕು ಎನ್ನುತ್ತಲೇ ಕಾಲ ಹೋಯಿತು.

ಮುಂದೆ ಎರಡು ಸಾವಿರದ ಆಚೆ ಒಂದು ವರ್ಷ ನಿಕ್ಕಲ್ ಬೆಲೆ ನಿಜಕ್ಕೂ ಆಕಾಶಕ್ಕೇರಿತು. ಪೇಪರಿನಲ್ಲಿ ಅದನ್ನು ಓದಿದ ದಿನವೇ ನಾನು ಜನ್ನಾಪುರಕ್ಕೆ ಹೋದೆ. ಶಾಂತಕ್ಕ ಕಾಫಿ ಕೊಟ್ಟ ಮೇಲೆ ದನಿ ತಗ್ಗಿಸಿ ಊರ ಹೊರಗಿನ ಒಂದು ಶೆಡ್ಡಿನ ಗುರುತು ಹೇಳಿ ಕಳಿಸಿದರು. ಅಲ್ಲಿ ಬೇರೊಬ್ಬರ ತೊಟ್ಟಿಯ ಮುಂದೆ ಪರಮೇಶಣ್ಣ ದಿನಗೂಲಿಗೆ ನಿಂತಿದ್ದರು. ಸೊರಗಿದ್ದರು. ನನ್ನನ್ನು ಕಂಡು ಮುಖವೆಲ್ಲ ಅರಳಿತು.

"ನೋಡ್ದಾ, ಏರಿತು. ನಾನು ಹೇಳಿದ್ದು ಸುಳ್ಳಾ?"

"ಇಲ್ಲ ಅಣ್ಣ, ನಿಜಾನೇ ಹೇಳಿದ್ರಿ."

ಅಷ್ಟರಲ್ಲಿ ಒಳಗಿನಿಂದ ಮಾಲೀಕ, ಸಾಕು ಎತ್ತು, ನಿಕ್ಕಲ್ ಏನು ಪುಕ್ಕಟೆ ಬರುತ್ತಾ ಎಂದು ಕೂಗಿದ. ಪರಮೇಶಣ್ಣ ನನ್ನ ಕಡೆ ನೋಡಲಿಲ್ಲ. ಇನ್ನೂ ಹೊತ್ತು ಬೇಕಿದ್ದ ಆ ಹ್ಯಾಂಡಲ್ಲುಗಳನ್ನು ಒಂದೊಂದಾಗಿ ತೊಟ್ಟಿಯಿಂದ ಎತ್ತಿ ಹೊಟ್ಟಿನಲ್ಲಿ ಹಾಕಿದರು. ಯಾವುದನ್ನೂ ಮುಖದೆದುರು ಹಿಡಿಯಲಿಲ್ಲ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಟಾಗ ರಸ್ತೆಯವರೆಗೆ ಜೊತೆಗೆ ಬಂದರು.

"ನಾನಿಲ್ಲಿದ್ದೀನಿ ಅಂತ ಯಾರಿಗೂ ಹೇಳ್ಬೇಡ ಕಣಮ್ಮ. ಪರಮೇಶಪ್ಪ ನಿಕ್ಕಲ್ ಹಾಕೋದು ಬಿಟ್ಟ ಅಂತಾನೇ ಇರ್ಲಿ."

ಅದುವರೆಗೆ ಅವರು ನನ್ನನ್ನು ಮಾರಾಯ್ತಿ ಎಂದಲ್ಲದೆ ಬೇರೆ ರೀತಿ ಕರೆದೇ ಇರಲಿಲ್ಲ.

ಮುಂದಿನ ವರ್ಷ ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಲುಪಿತು. ಮಣ್ಣಿಗೆ ಹೋಗಲಾಗಲಿಲ್ಲ, ಶಿವಗಣಾರಾಧನೆಗೆ ಹೋದೆ. ಜನ್ನಾಪುರದ ಆ ಬೀದಿಯ ಶಾಮಿಯಾನದ ಕೆಳಗೆ ಎರಡೂ ಊರಿನ ಸೈಕಲ್ ಅಂಗಡಿಯವರು, ಮೆಕ್ಯಾನಿಕ್ಕುಗಳು, ಬ್ಯಾಂಡ್‌ಸೆಟ್ಟಿನ ಯಜಮಾನ ಎಲ್ಲ ಸೇರಿದ್ದರು. ಊಟದ ಪಂಕ್ತಿಯಲ್ಲಿ ಅವರದೇ ಮಾತು. ಯಜಮಾನ ನನ್ನ ಎದುರಿಗೆ ಕೂತಿದ್ದ.

"ಅಂಥ ಕೈ ಇನ್ನು ಹುಟ್ಟಲ್ಲ ಬಿಡಿ," ಎಂದ. "ಮನುಷ್ಯ ಕೆಟ್ಟ ಕೆಲ್ಸ ಮಾಡೋ ಬದ್ಲು ಕೆಲ್ಸಾನೇ ಬಿಟ್ಟ. ಆಮೇಲೆ ಒಂದು ದಿನಾನೂ ತೊಟ್ಟಿ ಮುಟ್ಲಿಲ್ಲ, ಅಲ್ವಾ?"

ಪಾಯಸ ಬಡಿಸುತ್ತಿದ್ದ ಶಾಂತಕ್ಕ ಸೌಟು ಹಿಡಿದು ನಿಂತರು. ನನ್ನನ್ನೇ ನೋಡುತ್ತಿದ್ದರು.

"ಹೌದು," ಎಂದೆ. "ಮುಟ್ಲೇ ಇಲ್ಲ."

ಶಾಂತಕ್ಕ ನನ್ನ ಎಲೆಗೆ ಬಗ್ಗಿ, ಬೇಡ ಬೇಡವೆಂದರೂ ಕೇಳದೆ, ಇನ್ನೊಂದು ಸೌಟು ಪಾಯಸ ಹಾಕಿದರು.