ವೀಳ್ಯ ಕೊಟ್ಟು ನಡೆದ ದಾರಿ

ಮೂಲೆಮನೆ ಅಮ್ಮನನ್ನು ನೆನೆದರೆ ನನಗೆ ಮೊದಲು ಕಾಣುವುದು ಅವರ ಬಲಗೈ. ಮೊಣಕೈವರೆಗೆ ಉದ್ದಿನ ಹಿಟ್ಟು ಮೆತ್ತಿ, ಒಣಗಿ, ಬಿರುಕು ಬಿಟ್ಟಿರುತ್ತಿತ್ತು. ಅವರು ಮನೆಯಲ್ಲೇ ದೋಸೆಹಿಟ್ಟು ರುಬ್ಬಿ ಬೀದಿಗೆಲ್ಲ ಮಾರುತ್ತಿದ್ದರು. ಗ್ರೈಂಡರ್ ಇತ್ತು, ಆದರೆ ರುಬ್ಬಿದ ಅಕ್ಕಿಯನ್ನೂ ಉದ್ದನ್ನೂ ಬೆರೆಸುವುದು ಮಾತ್ರ ಕೈಯಲ್ಲೇ ಆಗಬೇಕು, ಸೌಟು ಹಾಕಿದರೆ ಹಿಟ್ಟು ಉಬ್ಬುವುದಿಲ್ಲ ಎಂದು ಅವರ ವಾದ. ಆ ಕೈಯನ್ನು ಮೈಗೆ ತಾಗದಂತೆ ದೂರ ಹಿಡಿದು, ಎಡಗೈಯಲ್ಲಿ ಪಾತ್ರೆ ಹಿಡಿದು, ಹಾರುಹೊಡೆದ ನಮ್ಮ ಬಾಗಿಲ ಮುಂದೆ ನಿಂತು, "ಬರ್ಲಾ ಮೇಷ್ಟ್ರೇ?" ಅನ್ನುತ್ತಿದ್ದರು.

ನಾನು ಹೈಸ್ಕೂಲು ಮೇಷ್ಟ್ರು. ಚಂದ್ರಾ ಲೇಔಟಿನ ಬಾಡಿಗೆ ಮನೆ ಬಿಟ್ಟು ನಾಯಂಡಹಳ್ಳಿಯ ಹಳೇ ಊರಿನೊಳಗೆ ಸಣ್ಣದೊಂದು ಮನೆ ಕೊಂಡು ಬಂದವನು. ಬಂದ ಹೊಸದರಲ್ಲಿ ನನಗೆ ಅಮ್ಮನ ಈ ಕೇಳುವ ಅಭ್ಯಾಸ ರೇಗಿಸುತ್ತಿತ್ತು. ಬಸ್ಸಿನಲ್ಲಿ ಖಾಲಿ ಸೀಟಿದ್ದರೆ ಪಕ್ಕದವರನ್ನು "ಕೂತ್ಕೊಳ್ಲಾ?" ಎಂದು ಕೇಳುವರು. ತಳ್ಳುಗಾಡಿಯವನ ಬದನೆಕಾಯಿ ಮುಟ್ಟುವ ಮೊದಲು ಅವನನ್ನು ಕೇಳುವರು. ನಮ್ಮ ಕಾಂಪೌಂಡಿನಿಂದ ಬೀದಿಗೆ ಬಾಗಿದ ದಾಸವಾಳ ಕೀಳುವುದಕ್ಕೂ ಒಳಗೆ ಬಂದು ನನ್ನ ಹೆಂಡತಿಯನ್ನು ಕೇಳುವರು, ಆಮೇಲೆ ಗಿಡದ ಹತ್ತಿರ ನಿಂತು ತುಟಿ ಅಲ್ಲಾಡಿಸುವರು. ಗಿಡವನ್ನೂ ಕೇಳುತ್ತಿದ್ದಿರಬೇಕು.

"ಇನ್ನು ನಿಮ್ಮ ಮನೆಯೊಳಗೆ ಹೋಗೋಕೂ ಯಾರನ್ನಾದ್ರೂ ಕೇಳ್ತೀರೇನಮ್ಮ?" ಎಂದು ನಾನೊಮ್ಮೆ ಚುಡಾಯಿಸಿದೆ.

"ಒಂದು ಮಾತು ಕೇಳಿದ್ರೆ ನಮ್ಮ ಗಂಟೇನ್ ಹೋಗುತ್ತೆ ಮೇಷ್ಟ್ರೇ? ಅವರಿಗೂ ಸಮಾಧಾನ, ನಮಗೂ ಸಮಾಧಾನ" ಎಂದರು. ಆಗ ನಾನು ನಕ್ಕಿದ್ದೆ.

ಅವರ ಮನೆಯ ಮೂಲೆಯಿಂದ ಒಂದು ಹಳೇ ಬಂಡಿದಾರಿ ಹೊರಡುತ್ತಿತ್ತು. ಎಡಕ್ಕೆ ಎಲ್ಲರೂ ತೋಟದ ಮನೆ ಎನ್ನುತ್ತಿದ್ದ ಮನೆ. ಈಗ ಅಲ್ಲಿ ತೋಟವೇನೂ ಇಲ್ಲ, ಬಾಡಿಗೆಗೆ ಕೊಟ್ಟ ಗೋಡೌನುಗಳಿವೆ. ದಾರಿ ಅವರ ಜಮೀನಿಗೆ ಒತ್ತಿಕೊಂಡೇ ಹೋಗಿ ಮಾರಮ್ಮನ ಗುಡಿ ಮುಟ್ಟಿ, ಅದರಾಚೆ ಊರಿನವರನ್ನು ಮಣ್ಣು ಮಾಡುವ ಜಾಗದವರೆಗೆ ಸಾಗುತ್ತಿತ್ತು. ಮೆಟ್ರೋ ಸ್ಟೇಷನ್ನಿಗೂ ಅದೇ ಹತ್ತಿರದ ದಾರಿ. ನಾನು ಬೆಳಿಗ್ಗೆ ಹಲ್ಲುಜ್ಜುವಾಗ ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರು ಅಲ್ಲಿ ಓಡೋಡಿ ಹೋಗುವುದು ಕಾಣುತ್ತಿತ್ತು.

ಮಾರಮ್ಮನ ಹಬ್ಬಕ್ಕೆ ಊರಿನ ಹೆಂಗಸರು ತಂಬಿಟ್ಟಿನ ಆರತಿಯನ್ನು ತಲೆಯ ಮೇಲೆ ಹೊತ್ತು ಆ ದಾರಿಯಲ್ಲೇ ಗುಡಿಗೆ ಹೋಗುತ್ತಿದ್ದರು. ಮುಂದೆ ಮೂಲೆಮನೆ ಅಮ್ಮ, ಹಿಂದೆ ಉಳಿದವರು. ಅದಕ್ಕೆ ಮುಂಚೆ ಅಮ್ಮ ಮಾಡುವ ಕೆಲಸವೊಂದಿತ್ತು. ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು ತಟ್ಟೆಯಲ್ಲಿಟ್ಟುಕೊಂಡು ತೋಟದ ಮನೆಗೆ ಹೋಗಿ, "ನಾಳೆ ಆರತಿ ಬರುತ್ತೆ, ಹೋಗ್ಲಾ ಯಜಮಾನ್ರೇ?" ಎಂದು ಕೇಳುವುದು. ಅವರ ಅತ್ತೆ ಕೇಳುತ್ತಿದ್ದರಂತೆ, ಅವರೂ ಕೇಳುತ್ತಿದ್ದರು. ತೋಟದ ಮನೆಯ ಯಜಮಾನರು ವೀಳ್ಯ ತೆಗೆದುಕೊಂಡು, ತಮ್ಮ ಬಾಗಿಲ ಮುಂದೆ ನೀರು ಹಾಕಿಸಿ ರಂಗೋಲಿ ಬಿಡಿಸುತ್ತಿದ್ದರು. ಆರತಿ ಅಲ್ಲೊಂದು ಗಳಿಗೆ ನಿಂತು ಮುಂದೆ ಹೋಗುತ್ತಿತ್ತು. ನೋಡುವುದಕ್ಕೆ ಅಷ್ಟು ಚೆಂದವಾದದ್ದು ನಮ್ಮ ಬೀದಿಯಲ್ಲಿ ಬೇರೆ ಇರಲಿಲ್ಲ.

ಯಜಮಾನರು ಹೋದ ಮೇಲೆ ಜಮೀನು ಅವರ ಮಗನ ಕೈಗೆ ಬಂತು. ಅವನು ಕೆಟ್ಟವನು ಎಂದು ನಾನು ಹೇಳಲಾರೆ. ಚಿಕ್ಕಂದಿನಲ್ಲಿ ಮೂಲೆಮನೆ ಅಮ್ಮನ ಅಡುಗೆಮನೆಯಲ್ಲೇ ದೋಸೆ ತಿಂದು ಬೆಳೆದವನು, ಅವರನ್ನು ದೊಡ್ಡಮ್ಮ ಎನ್ನುತ್ತಿದ್ದ. ಆದರೆ ಜಮೀನನ್ನು ಬಿಲ್ಡರಿಗೆ ಕೊಡುವ ಮಾತು ನಡೆದಿತ್ತು, ಬಿಲ್ಡರಿಗೆ ಆ ದಾರಿಯ ಜಾಗವೂ ಬೇಕಿತ್ತು. ಮೊದಲು ಲಾರಿಗಳ ಕಾಟ ಎಂದು ಹೇಳಿ ದಾರಿಗೆ ಗೇಟು ಹಾಕಿಸಿದ. ಆಮೇಲೆ ಗೇಟಿಗೆ ಬೀಗ ಬಿತ್ತು.

ಬೀದಿಯವರೆಲ್ಲ ಸೇರಿ ಕೋರ್ಟಿಗೆ ಹೋದೆವು. ಊರಿನ ಹಳೇ ನಕ್ಷೆಯಲ್ಲಿ ದಾರಿ ಇತ್ತು, ಆಮೇಲೆ ಬಂದ ಲೇಔಟಿನ ನಕ್ಷೆಯಲ್ಲಿ ಇರಲಿಲ್ಲ. ಎರಡು ನಕ್ಷೆ ಎರಡು ಥರ ಹೇಳಿದರೆ, ಜನ ಅಲ್ಲಿ ಹೇಗೆ ಓಡಾಡುತ್ತಿದ್ದರು ಎನ್ನುವುದರ ಮೇಲೆ ಕೇಸು ನಿಲ್ಲುತ್ತದೆ ಎಂದರು ನಮ್ಮ ವಕೀಲರು. ಯಾರ ಅಪ್ಪಣೆಯೂ ಇಲ್ಲದೆ, ತಮ್ಮ ಹಕ್ಕು ಎಂದು ಓಡಾಡಿದರೆ ಅದು ಊರಿನ ದಾರಿ. ಜಮೀನಿನವರು ಬಿಟ್ಟದ್ದರಿಂದ ಓಡಾಡಿದರೆ ಅದು ಅವರ ಜಮೀನು. ಸಾಕ್ಷಿಗೆ ಹಿರಿಯರೊಬ್ಬರು ಬೇಕಿತ್ತು. ಮೂಲೆಮನೆ ಅಮ್ಮನಿಗಿಂತ ಹೆಚ್ಚು ಕಾಲ ಆ ದಾರಿ ತುಳಿದವರು ಯಾರಿದ್ದಾರೆ ಎಂದು ಎಲ್ಲರೂ ಅವರ ಹೆಸರನ್ನೇ ಹೇಳಿದೆವು.

ಅಂದು ಅವರು ಕೈ ಉಜ್ಜಿ ಉಜ್ಜಿ ತೊಳೆದು, ಹಸಿರು ಸೀರೆ ಉಟ್ಟು ಬಂದಿದ್ದರು. ಕಟಕಟೆಯ ಮುಂದೆ ನಿಂತು ನ್ಯಾಯಾಧೀಶರನ್ನು, "ಹತ್ಲಾ ಸ್ವಾಮಿ?" ಎಂದು ಕೇಳಿದರು. ಕೆಲವರು ನಕ್ಕರು. ನ್ಯಾಯಾಧೀಶರೂ ಸಣ್ಣಗೆ ನಕ್ಕು, ಹತ್ತಿ ಎಂದು ಕೈ ತೋರಿಸಿದರು.

ನಮ್ಮ ವಕೀಲರು ಕೇಳಿದ್ದಕ್ಕೆಲ್ಲ ಚೆನ್ನಾಗಿಯೇ ಹೇಳಿದರು. ಆಮೇಲೆ ಎದುರು ವಕೀಲರು ಎದ್ದರು. ಗದರಲಿಲ್ಲ, ಬಲು ಮೆತ್ತಗೆ ಕೇಳಿದರು.

"ಅಮ್ಮ, ಹಬ್ಬಕ್ಕೆ ಮುಂಚೆ ತೋಟದ ಮನೆಗೆ ವೀಳ್ಯ ತಗೊಂಡು ಹೋಗ್ತಿದ್ರಂತೆ, ನಿಜಾನಾ?"

"ಹೌದು ಸ್ವಾಮಿ. ನಮ್ಮತ್ತೆ ಕಾಲದಿಂದಾನೂ."

"ಯಾಕಮ್ಮ?"

"ಅವರ ಬಾಗಿಲ ಮುಂದೆ ಹೋಗೋದಲ್ವಾ. ಹೇಳ್ದೆ ಕೇಳ್ದೆ ಹೆಂಗೆ ಹೋಗೋದು?"

"ಅವರು ಬೇಡ ಅಂದಿದ್ರೆ?"

ಅಮ್ಮ ಉತ್ತರ ಕೊಡುವ ಮೊದಲು ತೋಟದ ಮನೆಯ ಮಗನ ಕಡೆ ನೋಡಿದರು. ಅವನು ಗೋಡೆ ಪಕ್ಕದ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ. "ಬೇಡ ಅಂದ್ರೆ ಹೆಂಗೆ ಹೋಗೋದು ಸ್ವಾಮಿ" ಎಂದರು. "ಆದ್ರೆ ಅವರಪ್ಪ ಒಂದ್ಸಲಾನೂ ಬೇಡ ಅಂದೋರಲ್ಲ."

ಎದುರು ವಕೀಲರು ಅಷ್ಟೇ ಸಾಕು ಎಂದು ಕೂತರು. ನಮ್ಮ ವಕೀಲರು ಪೆನ್ನಿನ ಕ್ಯಾಪು ಹಾಕಿದರು. ಅಮ್ಮ ಮಾತ್ರ ಒಬ್ಬರ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿದ ಸಮಾಧಾನದಲ್ಲಿ ಮೆಟ್ಟಿಲಿಳಿದು ಬಂದರು.

ತೀರ್ಪು ನಮಗೆ ವಿರುದ್ಧವಾಗಿ ಬಂತು. ಜನ ಓಡಾಡಿದ್ದು ಜಮೀನಿನವರ ಒಪ್ಪಿಗೆಯಿಂದಲೇ ಹೊರತು ಹಕ್ಕಿನಿಂದಲ್ಲ, ಇದನ್ನು ಕೇಸು ಹಾಕಿದವರ ಸಾಕ್ಷಿಯೇ ಒಪ್ಪಿದ್ದಾರೆ ಎಂದು ಅದರಲ್ಲಿತ್ತು. ಗೇಟಿನ ಎರಡೂ ಪಕ್ಕಕ್ಕೆ ಗೋಡೆ ಎದ್ದಿತು. ಹುಡುಗಿಯರು ಮೈಸೂರು ರಸ್ತೆ ಸುತ್ತಿಕೊಂಡು ಸ್ಟೇಷನ್ನಿಗೆ ಹೋಗುವುದೇ ಖಾಯಂ ಆಯಿತು. ನಾವು ಹೈಕೋರ್ಟಿಗೆ ಅಪೀಲು ಹಾಕಿದೆವು.

ಬೀದಿ ಆಡಿಕೊಳ್ಳದೆ ಬಿಟ್ಟೀತೇ. "ಅಜ್ಜಿ ಒಂದೇ ಮಾತಲ್ಲಿ ಮುಗಿಸ್ಬಿಟ್ರು ಗುರು" ಎಂದು ಹುಡುಗನೊಬ್ಬ ಅಂಗಡಿ ಮುಂದೆ ಹೇಳುವಾಗ ಅಮ್ಮ ಹಿಟ್ಟಿನ ಪಾತ್ರೆ ಹಿಡಿದು ಅವನ ಹಿಂದೆಯೇ ಇದ್ದರು. ನನಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು. ಅಮ್ಮ ಏನೂ ಕೇಳಿಸದವರ ಹಾಗೆ ದಾಟಿಕೊಂಡು ಹೋದರು. ಅಂದಿನಿಂದ ಅವರು ಬರ್ಲಾ ಎನ್ನುವುದನ್ನು ಬಿಟ್ಟರು. ನಮ್ಮ ಬಾಗಿಲಿಗೆ ಬಂದು, ಯಾರಾದರೂ ನೋಡುವವರೆಗೆ ಸುಮ್ಮನೆ ನಿಂತಿರುತ್ತಿದ್ದರು. ಒಳಗೆ ಬನ್ನಿ ಎಂದರೆ ಪಾತ್ರೆ ಕೊಟ್ಟು ಹೋಗಿಬಿಡುತ್ತಿದ್ದರು. ಮೊದಲು ನನ್ನನ್ನು ಅಷ್ಟು ರೇಗಿಸುತ್ತಿದ್ದ ಆ ಒಂದು ಮಾತಿಗೆ ನಾನು ಕಾಯತೊಡಗಿದೆ.

ಮುಂದಿನ ಹಬ್ಬಕ್ಕೆ ತೋಟದ ಮನೆಗೆ ವೀಳ್ಯ ಕೊಡಬಾರದು ಎಂದು ಬೀದಿಯವರು ತೀರ್ಮಾನ ಮಾಡಿದರು. ಆರತಿ ಬಸ್ಸು ಲಾರಿಗಳ ನಡುವೆ ಮೇನ್ ರೋಡಿನಲ್ಲಿ ಹೋಯಿತು. ಅಮ್ಮ ಆರತಿ ಹೊರಲಿಲ್ಲ, ಕಾಲು ನೋವೆಂದರು. ಆ ಸಂಜೆ ಅವರ ಜಗುಲಿಯ ಮೇಲೆ ನಾವಿಬ್ಬರೇ ಕೂತಿದ್ದೆವು.

"ಮೇಷ್ಟ್ರೇ, ಬೇಡ ಅಂದ್ರೂ ಹೋಗ್ತೀವಿ ಅನ್ಬೇಕಿತ್ತಾ ನಾನು?"

"ಕಾನೂನಿಗೆ ಹಾಗೆ ಹೇಳಿದ್ರೆ ಸರಿಹೋಗ್ತಿತ್ತಮ್ಮ."

"ಅವನ ಮುಖ ನೋಡ್ಕೊಂಡು ಹೆಂಗನ್ನೋದು. ನಾನು ಎತ್ತಿ ಆಡಿಸಿದ ಕೂಸು." ಗೇಟಿನ ಕಡೆ ನೋಡುತ್ತಾ, "ಊರ ದಾರೀನೇ ಕಳೆದುಬಿಟ್ನಲ್ಲ ನಾನು" ಎಂದರು.

ನೀವು ಕಳೆಯಲಿಲ್ಲ ಎಂದು ನಾನು ಎಷ್ಟೋ ಹೇಳಿದೆ. ಅವರು ತಲೆಯಾಡಿಸಿದರು, ಆದರೆ ನಂಬಲಿಲ್ಲ.

ಅಪೀಲು ಇನ್ನೂ ನಡೆಯುತ್ತಿರುವಾಗಲೇ, ಒಂದು ಬೆಳಿಗ್ಗೆ, ಎದೆನೋವು ಎಂದು ಮಲಗಿದವರು ಮತ್ತೆ ಏಳಲಿಲ್ಲ. ಬೀದಿಗೆ ಬೀದಿಯೇ ಬಂತು, ಅವರನ್ನು ಆಡಿಕೊಂಡ ಹುಡುಗನೂ ಬಂದ. ತೋಟದ ಮನೆಯ ಮಗ ಹಾರ ತಂದು, ಅವರ ಕಾಲ ಹತ್ತಿರ ಕೂತು ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಅಮ್ಮನ ಮಗನನ್ನು ಪಕ್ಕಕ್ಕೆ ಕರೆದ. ನಾನು ಅಲ್ಲೇ ಇದ್ದೆ.

"ಗೇಟು ತೆಗೆಸಿದೀನಿ ಕಣೋ. ದೊಡ್ಡಮ್ಮನ್ನ ಈ ದಾರೀಲೇ ಕರ್ಕೊಂಡು ಹೋಗೋಣ."

ಅಮ್ಮನ ಮಗ ನನ್ನ ಮುಖ ನೋಡಿದ. ಕೊನೆಗೆ ಅವನೇ ನಮ್ಮ ವಕೀಲರಿಗೆ ಫೋನು ಮಾಡಿದ. ಹೋಗಬೇಡಿ ಎಂದರು ವಕೀಲರು. ಜಮೀನಿನವರು ತೆಗೆಸಿದ ಗೇಟಿನಲ್ಲಿ ಹೋದರೆ ಈಗಲೂ ಅವರ ಒಪ್ಪಿಗೆಯಿಂದಲೇ ಹೋದ ಹಾಗೆ, ಅಪೀಲು ಅಲ್ಲಿಗೆ ಮುಗಿಯುತ್ತದೆ ಎಂದರು. ಅಮ್ಮನ ಮಗ ಫೋನು ಜೇಬಿಗಿಟ್ಟು, ಕೈ ಮುಗಿದು, "ಬೇಡಣ್ಣ" ಎಂದ.

ಅಮ್ಮನನ್ನು ಮಲಗಿಸಿದ ವ್ಯಾನು ಮೈಸೂರು ರಸ್ತೆಗೆ ಬಂದು ಸಿಗ್ನಲ್ಲಿನಲ್ಲಿ ನಿಂತಿತು. ಪಕ್ಕದಲ್ಲಿ ಅವರ ಮಗನೂ ನಾನೂ ಕೂತಿದ್ದೆವು.

"ಅಮ್ಮ ಆಗಿದ್ರೆ ಏನ್ ಮಾಡ್ತಿದ್ಲು ಮೇಷ್ಟ್ರೇ?" ಎಂದು ಅವನು ಕೇಳಿದ.

ತೋಟದ ಮನೆಯವನು ಅಷ್ಟು ಕರೆದ ಮೇಲೆ ಹೋಗದಿದ್ದರೆ ಹೇಗೆ ಎಂದು ಅಮ್ಮ ಎದ್ದು ಹೊರಟೇಬಿಡುತ್ತಿದ್ದರು. ಅದು ಅವರ ಮಗನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ಗೇಟು ಅಂದು ಸಂಜೆಯವರೆಗೂ ತೆರೆದೇ ಇತ್ತಂತೆ. ನಮ್ಮ ಬೀದಿಯ ಒಬ್ಬರೂ ಆ ಕಡೆ ಹೋಗಲಿಲ್ಲ.