ದೀಪ ಆರಿದರೆ ನಾಲ್ಕು ಗಂಟೆ

“ನಿನ್ನ ಮಗ ಒಂದಿನಾನೂ ಕೆಲಸಕ್ಕೆ ತಡವಾಗಿ ಓಗಲ್ಲ. ಆ ಜವಾಬ್ದಾರಿ ನಂದು, ಬಿಡು.” ಏಳು ವರ್ಷದ ಹಿಂದೆ, ಎಪ್ಪತ್ತೈದನೇ ಇಸವಿಯಲ್ಲಿ, ಹಾಸಿಗೆ ಹಿಡಿದಿದ್ದ ಪಕ್ಕದ ಮನೆಯ ಅಕ್ಬರಿಯವರಿಗೆ ದ್ರೌಪದಮ್ಮ ಕೊಟ್ಟ ಮಾತು ಇದು. ಅದೇ ವಾರ ಅಕ್ಬರಿ ತೀರಿಕೊಂಡರು.

ಬೆಳಗಿನ ಜಾವ ನಾಲ್ಕು. ಯಶವಂತಪುರದ ರೈಲ್ವೆ ಗೇಟಿನ ಹಿಂದಿನ ಓಣಿಯಲ್ಲಿ ಬಿದಿರು ಕೋಲು ಹಿಡಿದ ದ್ರೌಪದಮ್ಮ ಬಾಗಿಲು ಬಡಿಯುತ್ತಾ ಬರುತ್ತಿದ್ದಾರೆ. ಮನೆಗೆ ಎರಡು ಏಟು, ಸರ್ದಾರ್ ಮನೆಗೆ ಮಾತ್ರ ಐದು.

“ಏಯ್ ಸರ್ದಾರಣ್ಣಾ, ನಿನ್ ಗೊರಕೆ ಗೂಡ್ಸ್ ಗಾಡಿ ಓದಂಗೆ ಕೇಳ್ತೈತೆ!”

“ಎದ್ದಿದೀನಿ ಕಣಕ್ಕಾ.”

“ಎದ್ದೋನು ಬಾಗ್ಲು ತೆಗಿ. ಮಕ ನೋಡ್ಬೇಕು.”

ಒಟ್ಟು ಇಪ್ಪತ್ತಮೂರು ಮನೆ. ಎಲ್ಲರೂ ಹತ್ತಿರದ ಮಿಲ್ಲಿನ ಬೆಳಗಿನ ಪಾಳಿಯವರು. ಮುಖ ಕಾಣದೆ ದ್ರೌಪದಮ್ಮ ಮುಂದಿನ ಬಾಗಿಲಿಗೆ ಹೋಗುವವರಲ್ಲ. ಓಣಿ ಮುಗಿಸಿ, ಮುದ್ದೆ ತಿರುವಿಟ್ಟು, ಎಂಟಕ್ಕೆಲ್ಲ ಹುಣಸೆ ಮಂಡಿಯಲ್ಲಿ ಬೀಜ ಬಿಡಿಸಲು ಕೂರುತ್ತಾರೆ.

ಇಷ್ಟು ಜನರನ್ನು ಎಬ್ಬಿಸುವವರ ಮನೆಯಲ್ಲಿ ಗಡಿಯಾರವೇ ಇಲ್ಲ. ಇರುವುದೊಂದು ದೀಪ. ಗಾಜಿನ ಲೋಟಕ್ಕೆ ಮುಕ್ಕಾಲು ನೀರು, ಅದರ ಮೇಲೆ ಒಂದು ಬೆರಳು ಕಡಲೆಕಾಯಿ ಎಣ್ಣೆ. ಔಷಧಿ ಸೀಸೆಯ ಬಿರಡೆಯನ್ನು ಬಿಲ್ಲೆಯಾಗಿ ಕೊಯ್ದು, ತಗಡಿನ ಚೂರು ಹೊದಿಸಿ, ನಡುವಿನ ತೂತಿಗೆ ಹಳೇ ಪಂಚೆಯಿಂದ ಹೊಸೆದ ಬತ್ತಿ ತೂರಿಸಿ ತೇಲಿಬಿಡುತ್ತಾರೆ. ಮಿಲ್ಲಿನ ರಾತ್ರಿ ಒಂಬತ್ತರ ಸೈರನ್ನಿಗೆ ಹಚ್ಚಿದರೆ ಏಳು ತಾಸು ಉರಿದು ಎಣ್ಣೆ ತೀರುತ್ತದೆ, ಬತ್ತಿ ನೀರು ಮುಟ್ಟುತ್ತದೆ, ಚುಯ್ ಎಂದು ಆರುತ್ತದೆ. ಆಗ ನಾಲ್ಕು ಗಂಟೆ.

“ಸುಟ್ಟ ಬತ್ತಿ ವಾಸ್ನೆ ಮೂಗಿಗೆ ಬಂತೋ, ಎಚ್ಚರ ಆಯ್ತದೆ. ಯಾಕೆ ಅಂತ ಕೇಳಬ್ಯಾಡಿ, ನಂಗೇ ಗೊತ್ತಿಲ್ಲ.”

ಈ ಕೆಲಸಕ್ಕೆ ಕೂಲಿ ಇಲ್ಲ. ತಿಂಗಳಿಗೊಂದು ಮನೆಯವರು ದೀಪಕ್ಕೆ ಎಣ್ಣೆ ಕೊಡಬೇಕು, ಅಷ್ಟೇ.

ಅಕ್ಬರಿಯ ಮಗ ಖಾದರ್ ಬಾಷಾ ಈಗ ಮಿಲ್ಲಿನಲ್ಲಿ ಬದಲಿ ಕೆಲಸಗಾರ. ಒಂದು ವರ್ಷ ಒಂದು ದಿನವೂ ತಪ್ಪದೆ ಹೊತ್ತಿಗೆ ಸರಿಯಾಗಿ ಬಂದರೆ ಕಾಯಂ ಮಾಡಿಸುತ್ತೇನೆಂದು ಮೇಸ್ತ್ರಿ ಹೇಳಿದ್ದರು. ಈ ಜನವರಿಗೆ ಹನ್ನೊಂದು ತಿಂಗಳು ತುಂಬಿತ್ತು.

ಹನ್ನೆರಡನೇ ತಾರೀಕು, ಚಳಿ ಕೊರೆಯುತ್ತಿದ್ದ ದಿನ, ದ್ರೌಪದಮ್ಮನಿಗೆ ಎಚ್ಚರವಾದದ್ದು ಕೋಳಿಯ ಕೂಗಿಗೆ. ಕಣ್ಣು ಬಿಟ್ಟರೆ ದೀಪ ಇನ್ನೂ ಉರಿಯುತ್ತಿದೆ.

“ಕೋಳಿಗೆ ತಲೆ ಕೆಟ್ಟೈತೆ ಅಂದ್ಕಂಡೆ. ಆಮೇಲೆ ಕಾಗೆ ಕೂಗ್ತು. ಇದಕ್ಕೂ ಏನೋ ಆಗೈತೆ ಅಂದ್ಕಂಡೆ. ಕಿಟ್ಕಿ ಬೆಳ್ಳಗಾಯ್ತು, ಬೆಳದಿಂಗಳಿರ್ಬೇಕು ಅಂತ ಕೂತೇ ಇದ್ದೆ ಕಣ್ರೀ! ಏಳು ವರ್ಷ ಸುಳ್ಳೇಳದ ದೀಪ ಬಿಟ್ಟು ಕಾಗೆ ಮಾತು ಕೇಳ್ಲಾ?”

ಕೊನೆಗೆ ಕೂಗಿದ್ದು ಮಿಲ್ಲಿನ ಗೇಟು ಮುಚ್ಚುವ ಸೈರನ್. ಓಣಿಗೆ ಓಣಿಯೇ ಹಲ್ಲುಜ್ಜದೆ ಓಡಿತು. ಉಳಿದವರಿಗೆ ಅರ್ಧ ದಿನದ ಕೂಲಿ ಹೋಯಿತು. ಖಾದರನ ಜಾಗಕ್ಕೆ ಅಷ್ಟರಲ್ಲಿ ಇನ್ನೊಬ್ಬ ಬದಲಿ ನಿಂತಿದ್ದ. ಆತನ ವರ್ಷ ಮತ್ತೆ ಒಂದನೇ ದಿನದಿಂದ ಶುರು.

ಖಾದರ್ ಜಗಳಕ್ಕೆ ಬರಲಿಲ್ಲ. “ಅಮ್ಮಾ, ದೀಪ ಯಾಕೆ ಆರ್ಲಿಲ್ಲ?” ಎಂದು ಮಾತ್ರ ಕೇಳಿದ. ದ್ರೌಪದಮ್ಮ ದೀಪ ಬಿಚ್ಚಿ ಕೂತರು. ಲೋಟ ಬೂದಿ ಹಾಕಿ ತಿಕ್ಕಿದರು, ಬತ್ತಿ ಬದಲಿಸಿದರು, ಓಣಿಗೆ ಹೊಸದಾಗಿ ಬಂದ ಬೋರ್‌ವೆಲ್ ನೀರನ್ನು ಬೈದರು. “ಕೊನೆಗೆ ನನ್ ಬೆರಳೇ ದಪ್ಪ ಆಯ್ತಾ ಅಂತ ನೋಡ್ಕಂಡೆ.”

ನಾಲ್ಕು ದಿನ ಬಿಟ್ಟು ಖಾದರನ ಹೆಂಡತಿ ಜೈನಾಬ್ ಎಣ್ಣೆ ಬಾಟಲಿ ಹಿಡಿದು ಬಂದರು. ಆ ತಿಂಗಳ ಸರದಿ ಅವರದೇ. ಕಡಲೆಕಾಯಿ ಎಣ್ಣೆ ಸಿಗದೆ ಹನ್ನೊಂದರ ಸಂಜೆ ರೇಷನ್ ಅಂಗಡಿಯ ಪಾಮ್ ಎಣ್ಣೆ ತುಂಬಿ ಕೊಟ್ಟಿದ್ದರು. ಮನೆಯಲ್ಲಿ ಉಳಿದಿದ್ದ ಅದೇ ಎಣ್ಣೆ ಈಗ ಅವರ ಬಾಟಲಿಯಲ್ಲಿ ಚಳಿಗೆ ತುಪ್ಪದಂತೆ ಹೆಪ್ಪುಗಟ್ಟಿತ್ತು. ಗಟ್ಟಿಯಾದ ಎಣ್ಣೆಯನ್ನು ಬತ್ತಿ ಎಳೆಯಲಾರದೆ, ದೀಪ ಸಣ್ಣಗೆ ಉರಿದು ಹೊತ್ತು ಮೀರಿಸಿತ್ತು.

“ನಾನೇ ಕೊಟ್ಟಿದ್ದು, ನಮ್ದು ಮನೆಗೇ ಏಟು ಬಂತಲ್ಲಮ್ಮಾ!” ಎಂದು ಜೈನಾಬ್ ಅತ್ತರು.

“ಅಳಬ್ಯಾಡ ತಾಯಿ. ನೋಡ್ದೆ ಸುರಿದೋಳು ನಾನು.” ಆದರೂ ದ್ರೌಪದಮ್ಮನಿಗೆ ಪೂರ್ತಿ ಸಮಾಧಾನವಿಲ್ಲ. “ಸುರಿದಾಗ ನೀರಿನಂಗೇ ಇತ್ತು. ನಡುರಾತ್ರೀಲಿ ಎಣ್ಣೆ ಮನಸು ಬದ್ಲಾಯಿಸ್ತದಾ? ಇನ್ನು ಯಾವ್ದನ್ನ ನಂಬೋದು?”

ಈಗ ದೀಪವನ್ನೂ ಹಚ್ಚುತ್ತಾರೆ, ರಾತ್ರಿಗೆ ಮೂರು ಸಲ ಎದ್ದು ಹೋಗಿ ರೈಲ್ವೆ ಗೇಟು ಕಾಯುವ ಮುನಿವೆಂಕಟಯ್ಯನವರನ್ನೂ ಟೈಮ್ ಕೇಳುತ್ತಾರೆ. “ನಿನ್ ದೀಪಕ್ಕಿಂತ ಮುಂಚೆ ನೀನೇ ಆರೋಗ್ತೀಯ, ಮಲಗು ಓಗಮ್ಮ,” ಎಂದು ಅವರು ಬೈಯುತ್ತಾರೆ. ಅಲಾರಾಂ ಗಡಿಯಾರ ತಂದುಕೊಡುತ್ತೇನೆಂದ ಖಾದರನಿಗೆ ದ್ರೌಪದಮ್ಮ ಹೇಳಿದ್ದು ಒಂದೇ: “ಮೊದ್ಲು ಕಾಯಂ ಆಗು. ಆಮೇಲೆ ನೋಡಾಣ.”

ಅಕ್ಬರಿಯವರಿಗೆ ಕೊಟ್ಟ ಮಾತು ಏಳು ವರ್ಷ ನಡೆಯಿತು. ಜನವರಿ ಹನ್ನೆರಡರಂದು ತಪ್ಪಿತು.