ಬಚ್ಚಲ ಬಾಗಿಲಿನ ನೀಲಿ ಚಪ್ಪಲಿ

ಹೋದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ನನ್ನ ಚಿಕ್ಕಮ್ಮ ನಮ್ಮ ಬಚ್ಚಲಿನ ನಲ್ಲಿಯನ್ನು ಹಿಡಿದವರು ಬಿಡಲಿಲ್ಲ.

ಬಿಡಲಿಲ್ಲ ಎಂದೆನೆ? ತಪ್ಪು. ನಲ್ಲಿ ಅವರನ್ನು ಬಿಡಲಿಲ್ಲ.

(ಬದುಕಿದ್ದಾರೆ. ಮೊದಲೇ ಹೇಳಿಬಿಡುತ್ತೇನೆ. ನಿಮ್ಮನ್ನು ಕಾಯಿಸಿ ಕಾಯಿಸಿ ಹೇಳುವಷ್ಟು ಉತ್ಸಾಹ ನನ್ನಲ್ಲಿ ಉಳಿದಿಲ್ಲ.)

ಅಂದಿನಿಂದ ನಾನು ಯಾವ ನಲ್ಲಿಯನ್ನೂ ನೇರ ಮುಟ್ಟುತ್ತಿಲ್ಲ. ಮೊದಲು ಬೆರಳಿನ ಹಿಂಬದಿಯನ್ನು ತಾಗಿಸಿ ನೋಡುತ್ತೇನೆ. ಆಫೀಸಿನಲ್ಲಿ, ಹೋಟೆಲಿನಲ್ಲಿ, ಸ್ಟೇಷನ್ನಿನಲ್ಲಿ ಕೂಡ. ನೋಡಿದವರು ನಗುತ್ತಾರೆ. ನಗಲಿ.

ನಮ್ಮದು ಮುಂಬಯಿಯ ಸಾಂತಾಕ್ರೂಜ್‌ನ ಹಳೆಯ ಬಿಲ್ಡಿಂಗ್ ಒಂದರಲ್ಲಿ ಬಾಡಿಗೆ ಮನೆ. ಮಾಲೀಕರು ವಿಠಲಣ್ಣ. ಉಡುಪಿ ಕಡೆಯವರು. ಇಲ್ಲಿ ಹೋಟೆಲ್ ನಡೆಸಿ, ಅದನ್ನು ಮಗನಿಗೆ ಒಪ್ಪಿಸಿ, ಈಗ ಪವಾಯಿಯಲ್ಲಿ ಕೆರೆ ಕಾಣುವ ಫ್ಲ್ಯಾಟಿನಲ್ಲಿ ಹಾಯಾಗಿದ್ದಾರೆ. ಈ ಮನೆ ಸಿಗುವ ಹೊತ್ತಿಗೆ ನಾನು ಮತ್ತು ಗಂಡ ಪ್ರಕಾಶ ಮನೆ ಹುಡುಕಿ ಸುಸ್ತಾಗಿದ್ದೆವು. ಒಬ್ಬರು "ಮೀನು ತಿನ್ನುತ್ತೀರಾ?" ಎಂದು ಕೇಳಿ ಬಾಗಿಲು ಹಾಕಿದ್ದರು. ಇನ್ನೊಬ್ಬರು ಮದುವೆಯ ಸರ್ಟಿಫಿಕೇಟ್ ಕೇಳಿದ್ದರು. ವಿಠಲಣ್ಣ ಕೇಳಿದ್ದು ಒಂದೇ: "ಊರಲ್ಲಿ ಎಲ್ಲಿ ಆಯ್ತು?" ಹೇಳಿದೆವು. ಕೀ ಕೈಗೆ ಬಂತು. ನಮ್ಮವರು!

ನಮ್ಮವರ ಮನೆಗೆ ಬಾಡಿಗೆಗೆ ಹೋಗುವುದೆಂದರೇನು ಎಂಬುದು ಆಮೇಲೆ ತಿಳಿಯಿತು. ಬೇರೆ ಮಾಲೀಕನಾದರೆ ಜಗಳವಾಡಬಹುದು. ನಮ್ಮವರ ಜೊತೆ? ಊರವರ ಸಂಘದ ಕಾರ್ಯಕ್ರಮದಲ್ಲಿ ಪಕ್ಕದ ಕುರ್ಚಿಯಲ್ಲಿ ಸಿಗುತ್ತಾರೆ. ಮದುವೆ ಊಟದಲ್ಲಿ ಎದುರಿನ ಎಲೆಗೆ ಕೂರುತ್ತಾರೆ. "ಪಾಯಸ ಬಂತಾ ಮಗಾ?" ಎಂದು ವಿಚಾರಿಸುತ್ತಾರೆ. ಆಗ "ಗೀಸರ್ ಏನಾಯ್ತು?" ಎನ್ನಲು ಯಾರಿಗೆ ಬಾಯಿ ಬರುತ್ತದೆ?

ಮಳೆಗಾಲದಲ್ಲಿ ಶುರುವಾದದ್ದು. ಗೀಸರಿನ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಗೀಸರ್ ಆಫ್ ಮಾಡಿದರೂ ಅಷ್ಟೇ. ವಿಠಲಣ್ಣನಿಗೆ ಫೋನ್ ಮಾಡಿದೆ.

"ಹೌದಾ? ನೋಡುವ."

ಈ "ನೋಡುವ" ನಿಮಗೆ ಗೊತ್ತಲ್ಲ? ನಮ್ಮ ಕರಾವಳಿಯಲ್ಲಿ ಇಲ್ಲ ಎನ್ನಲು ಇದಕ್ಕಿಂತ ನಯವಾದ ಪದ ಇನ್ನೂ ಹುಟ್ಟಿಲ್ಲ.

ವಾಟ್ಸಾಪ್ ಮಾಡಿದೆ. ನೀಲಿ ಟಿಕ್ ಬಂತು. ಮರುದಿನ ಬೆಳಿಗ್ಗೆ ಅವರಿಂದ ಗುಲಾಬಿ ಹೂವಿನ ಮೇಲೆ ಶುಭೋದಯ ಬಂತು. ಮತ್ತೆ ಗೀಸರ್ ಎಂದೆ. ತಾವರೆ ಬಂತು. ಬಚ್ಚಲಿನ ಚಿಲಕ ಕೂರುವುದಿಲ್ಲ, ಫ್ರಿಜ್ಜಿನ ಬಾಗಿಲು ಮುಚ್ಚುವುದಿಲ್ಲ ಎಂದೆಲ್ಲ ಬರೆದೆ. ದಾಸವಾಳ. ರಿಪೇರಿಯೊಂದು ಬಿಟ್ಟು ಎಲ್ಲ ಹೂವೂ ಬಂದವು.

ಕೊನೆಗೆ ಪ್ರಕಾಶನೇ ಸಂಘದ ಸಭೆಯೊಂದರಲ್ಲಿ ಅವರನ್ನು ಹಿಡಿದ. ವಿಠಲಣ್ಣ ಅವನ ಹೆಗಲ ಮೇಲೆ ಕೈ ಹಾಕಿ, ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿದರು: "ಎಂತ ಪ್ರಕಾಶ, ಬಾಡಿಗೆಯವರ ಹಾಗೆ ಮಾತಾಡ್ತೀಯಲ್ಲ! ನಿನ್ನದೇ ಮನೆ ಅಂತ ತಿಳ್ಕೊ ಮಾರಾಯ."

ತಿಳಿದುಕೊಂಡೆವು. ನಾವೇ ರಿಪೇರಿಗೆ ಹೊರಟೆವು. ನಮ್ಮ ಲೇನ್‌ನ ಎಲೆಕ್ಟ್ರಿಷಿಯನ್ ರಫೀಕ್ ವಿಜಯಪುರದ ಕಡೆಯವನು. ಟೆಸ್ಟರ್ ಇಟ್ಟು ನೋಡಿ ತಲೆ ಆಡಿಸಿದ. "ಬರೀ ಗೀಸರ್ ಅಲ್ರೀ ಮೇಡಂ, ಗ್ವಾಡಿ ಒಳಗಿನ ವೈರೂ ಹೋಗೇತಿ. ಟೈಲ್ಸ್ ಒಡೀಬೇಕು. ಅದಕ್ಕ ಮಾಲಕರ ಚೀಟಿ ಬೇಕ್ರೀ. ಇಲ್ಲಾಂದ್ರ ಸೊಸೈಟಿಯವ್ರು ನನ್ನ ಗೇಟಿನ್ಯಾಗ ಬಿಡಂಗಿಲ್ಲ." ಅಲ್ಲಿಯವರೆಗೆ ಏನು ಮಾಡುವುದು ಎಂದರೆ, ಮೇನ್ ಆಫ್ ಮಾಡಿ ಸ್ನಾನ ಮಾಡಿ ಎಂದ.

ಚೀಟಿಗಾಗಿ ಮತ್ತೆ ಪವಾಯಿಗೆ ಫೋನ್.

"ಟೈಲ್ಸ್ ಒಡೆಯುವುದಾ? ಆ ಕಲರ್ ಈಗ ಸಿಕ್ಕುವುದೇ ಇಲ್ಲ ಮಾರಾಯ್ತಿ! ನೋಡುವ."

ಮನೆ ಬಿಡಬಹುದಿತ್ತಲ್ಲ ಎನ್ನುತ್ತೀರಾ? ಮುಂಬಯಿಯಲ್ಲಿ ಮನೆ ಹುಡುಕಿದವರು ಯಾರೂ ಹಾಗೆ ಕೇಳುವುದಿಲ್ಲ.

ಅಷ್ಟರಲ್ಲಿ ನಮಗೊಂದು ಉಪಾಯ ಸಿಕ್ಕಿತು. ನಾವು ಈ ಮನೆಗೆ ಬಂದ ದಿನವೇ ಬಚ್ಚಲ ಬಾಗಿಲಲ್ಲಿ ಒಂದು ಜೊತೆ ನೀಲಿ ರಬ್ಬರ್ ಚಪ್ಪಲಿ ಬಿದ್ದಿತ್ತು. ಹಿಂದಿನವರು ಮರೆತು ಹೋದದ್ದು ಎಂದುಕೊಂಡಿದ್ದೆವು. ಎಸೆಯಲು ಸೋಮಾರಿತನ. ಒಂದು ದಿನ ಅದನ್ನು ಮೆಟ್ಟಿಕೊಂಡು ನಲ್ಲಿ ಮುಟ್ಟಿದೆ. ಏನೂ ಆಗಲಿಲ್ಲ! ಅಂದಿನಿಂದ ಅದೇ ಮನೆಯ ನಿಯಮವಾಯಿತು. ಮೊದಲು ಚಪ್ಪಲಿ, ಆಮೇಲೆ ನಲ್ಲಿ. ಮೇನ್ ಆಫ್ ಮಾಡುವ ರಗಳೆಯೂ ಬೇಡವಾಯಿತು. ಕೈ ಜುಮ್ಮೆನ್ನುವುದು ನಿಂತಿತು. ಹೆದರಿಕೆ ನಿಂತಿತು. ಫೋನ್ ಮಾಡುವುದೂ ನಿಂತಿತು.

ನಮ್ಮ ಬದುಕೆಲ್ಲ ಹೀಗೇ ಅಲ್ಲವೆ? ಲೋಕಲ್‌ನಲ್ಲಿ ಬಾಗಿಲಿಗೆ ಜೋತು ನಿಲ್ಲುವುದು ಹೇಗೆಂದು ಕಲಿಯುತ್ತೇವೆ. ಫುಟ್‌ಪಾತಿನ ಯಾವ ಕಲ್ಲು ಅಲುಗುತ್ತದೆಂದು ಕಾಲಿಗೇ ಗೊತ್ತಿರುತ್ತದೆ. ಹಾಳಾದದ್ದರ ಜೊತೆ ಹೊಂದಿಕೊಂಡದ್ದಕ್ಕೆ ಜಾಣತನ ಎಂದು ಹೆಸರಿಡುತ್ತೇವೆ. ಆದರೆ ಆ ಜಾಣತನ ನಮ್ಮ ಮನೆಯವರಿಗೆ ಮಾತ್ರ ಗೊತ್ತಿರುತ್ತದೆ. ನೆಂಟರಿಗೆ?

ಚಿಕ್ಕಮ್ಮ ಊರಿನಿಂದ ಬಂದದ್ದು ಮಾಟುಂಗದಲ್ಲಿ ಒಂದು ಮದುವೆಗೆ. ಊರಲ್ಲಿ ಅವರದು ಮಲ್ಲಿಗೆ ಕೃಷಿ. ಗಿಡದಿಂದ ಕೊಯ್ದ ಮೊಗ್ಗನ್ನು ತಾವೇ ಬಾಳೆನಾರಿನಲ್ಲಿ ಕಟ್ಟಿ ಪೇಟೆಗೆ ಕಳಿಸುತ್ತಾರೆ. ಮದುಮಗಳಿಗೆಂದು ಬಾಳೆಎಲೆಯಲ್ಲಿ ಸುತ್ತಿ ತಂದ ಹೂವು ನಮ್ಮ ಮುಚ್ಚದ ಫ್ರಿಜ್ಜಿನಲ್ಲಿತ್ತು.

ಮದುವೆಯ ದಿನ ಬೆಳಿಗ್ಗೆ ಸ್ನಾನಕ್ಕೆ ಹೊರಟವರಿಗೆ ನಿಯಮ ಹೇಳಿದೆ. ಅವರು ಸೊಂಟಕ್ಕೆ ಕೈಯಿಟ್ಟು ನನ್ನನ್ನೇ ನೋಡಿದರು.

"ಮೀಯಲಿಕ್ಕೆ ಹೋಗುವಾಗ ಚಪ್ಪಲಿಯಾ? ನೀನು ಬೊಂಬಾಯಿಗೆ ಬಂದು ಪೂರಾ ಕೆಟ್ಟಿದ್ದಿ ಮಾರಾಯ್ತಿ."

"ಕರೆಂಟ್ ಬರ್ತದೆ ಚಿಕ್ಕಮ್ಮಾ, ತಮಾಷೆ ಅಲ್ಲ."

"ಆಯ್ತು ಆಯ್ತು. ಹಾಕ್ತೇನೆ."

ಹಾಕಿಕೊಂಡರು ಕೂಡ. ನಾನು ನೋಡಿದೆ. ನೋಡಿ ಅಡುಗೆಮನೆಗೆ ಹೋದೆ. ಆದರೆ ಮಿಂದು ಬಂದು ದೇವರಿಗೆ ದೀಪ ಹಚ್ಚಬೇಕಾದವರು ಚಪ್ಪಲಿಯ ಕಾಲಲ್ಲಿ ಮೀಯುತ್ತಾರೆಯೆ? ಕಾಫಿಯ ಲೋಟ ಹಿಡಿದು ಹಾಲ್‌ಗೆ ಬರುವಾಗ ಕಣ್ಣಿಗೆ ಬಿತ್ತು. ಬಚ್ಚಲ ಹೊಸ್ತಿಲ ಹೊರಗೆ ನೀಲಿ ಚಪ್ಪಲಿ. ದೇವಸ್ಥಾನದ ಎದುರು ಬಿಡುವ ಹಾಗೆ, ಜೋಡಿಸಿ ಬಿಟ್ಟದ್ದು.

ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಸದ್ದು ಕೇಳಿತು.

ಅದು ಕಿರುಚಾಟವಲ್ಲ. ಹಲ್ಲು ಕಚ್ಚಿಕೊಂಡು ಯಾರೋ ಗುನುಗಿದ ಹಾಗೆ. ಬಾಗಿಲು ತಳ್ಳಿದೆ. ಚಿಕ್ಕಮ್ಮ ಉಟ್ಟ ಸೀರೆಯಲ್ಲೇ ಬಗ್ಗಿ ನಿಂತಿದ್ದರು. ಬಲಗೈ ನಲ್ಲಿಯಲ್ಲಿ. ಬಕೆಟ್ ತುಂಬಿ ಚೆಲ್ಲುತ್ತಿತ್ತು. ಅವರ ಕಣ್ಣು ನನ್ನ ಕಡೆಗೇ ಇತ್ತು. ನಾನು ಕೈ ಚಾಚಿದೆ.

"ಹಾಥ್ ಮತ್ ಲಗಾ!"

ಮುಟ್ಟಬೇಡ ಎಂದು ಹಿಂದಿನಿಂದ ಕೂಗಿದ್ದು ಪ್ರಕಾಶ. (ಇಲ್ಲೇ ಹುಟ್ಟಿ ಬೆಳೆದವನು. ಗಾಬರಿಯಾದರೆ ಹಿಂದಿಯೇ ಬರುತ್ತದೆ.) ಓಡಿಹೋಗಿ ಮೇನ್ ಸ್ವಿಚ್ ಕೆಳಗೆಳೆದ. ಫ್ಯಾನ್ ನಿಂತಿತು, ಫ್ರಿಜ್ ನಿಂತಿತು, ಚಿಕ್ಕಮ್ಮ ಕುಸಿದರು.

ನನ್ನ ಕೈ ಅವರ ಭುಜದಿಂದ ಒಂದು ಗೇಣು ದೂರದಲ್ಲಿತ್ತು. ಈಗಲೂ ಅಲ್ಲೇ ಇದೆ. ಪಾತ್ರೆ ತೊಳೆಯುವಾಗ, ಟ್ರೈನಿನಲ್ಲಿ ಕಣ್ಣು ಮುಚ್ಚಿದಾಗ ಆ ಕೈ ಮತ್ತೆ ಮತ್ತೆ ಚಾಚುತ್ತದೆ. ಕೆಲವೊಮ್ಮೆ ಪ್ರಕಾಶ ಕೂಗುವುದಿಲ್ಲ.

ಇನ್ನೊಂದು ವಿಷಯ. ಬಚ್ಚಲಿನ ಚಿಲಕ ಕೆಟ್ಟಿರಲಿಲ್ಲವೆ? ಅದಕ್ಕೇ ಬಾಗಿಲು ತಳ್ಳಿದೊಡನೆ ತೆರೆದುಕೊಂಡಿತು. ಚೆನ್ನಾಗಿದ್ದಿದ್ದರೆ ಅವರು ಒಳಗಿನಿಂದ ಹಾಕಿಕೊಳ್ಳುತ್ತಿದ್ದರು. ನಮಗೆ ಸದ್ದು ಮಾತ್ರ ಕೇಳುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ವಿಠಲಣ್ಣ ರಿಪೇರಿ ಮಾಡಿಸದ ಒಂದು ವಸ್ತು ಕೊಲ್ಲಲು ಹೊರಟಿತ್ತು, ಇನ್ನೊಂದು ಉಳಿಸಿತು. ಯಾವುದಕ್ಕೆ ಥ್ಯಾಂಕ್ಸ್ ಹೇಳಲಿ?

ಆಸ್ಪತ್ರೆಯ ಕಾರಿಡಾರಿನಿಂದ ವಿಠಲಣ್ಣನಿಗೆ ಫೋನ್ ಮಾಡಿದೆ. ಹಿಂದೆ ನಾಗಸ್ವರ ಕೇಳುತ್ತಿತ್ತು. (ಅದೇ ಮದುವೆ. ನಮ್ಮವರಲ್ಲವೆ?) ಚಿಕ್ಕಮ್ಮನಿಗೆ ನಿಮ್ಮ ಗೀಸರಿನ ನಲ್ಲಿಯಿಂದ ಶಾಕ್ ಹೊಡೆದಿದೆ, ಐಸಿಯುನಲ್ಲಿದ್ದಾರೆ ಎಂದೆ.

"ಅಯ್ಯೋ ದೇವರೇ!" ಎಂದರು ವಿಠಲಣ್ಣ. ನಿಜವಾಗಿಯೂ ಗಾಬರಿಯಾಗಿದ್ದರು. ಅದೇ ಗಾಬರಿಯಲ್ಲಿ ಕೇಳಿದರು: "ಅಲ್ಲ, ಅವರು ಆ ನೀಲಿ ಚಪ್ಪಲಿ ಹಾಕ್ಲಿಲ್ವಾ?"

ಚಪ್ಪಲಿಯ ವಿಷಯ ನಾವು ಅವರಿಗೆ ಯಾವತ್ತೂ ಹೇಳಿರಲಿಲ್ಲ.

"ನಿಮಗೆ ಹೇಗೆ ಗೊತ್ತು ವಿಠಲಣ್ಣ?"

ಅವರು ಫೋನ್ ಹಿಡಿದು ನಾಗಸ್ವರದಿಂದ ದೂರ ಸರಿದದ್ದು ಕೇಳಿಸಿತು. ಆಮೇಲೆ, "ಅದು... ಮುಂಚೆ ಇದ್ದವರು ಇಟ್ಟದ್ದು ಮಗಾ. ಒಳ್ಳೆ ಜನ, ಒಂದು ದಿನವೂ ಕಿರಿಕಿರಿ ಮಾಡಿದವರಲ್ಲ. ನೀನು ಟೆನ್ಶನ್ ಮಾಡ್ಬೇಡ. ನೋಡುವ."

ಅಂದರೆ ನಾವು ಬರುವ ಮೊದಲೇ ಈ ನಲ್ಲಿಯಲ್ಲಿ ಕರೆಂಟ್ ಇತ್ತು. ಹಿಂದಿನವರೂ ಮೊದಮೊದಲು ಫೋನ್ ಮಾಡಿರಬೇಕು. ಅವರಿಗೂ ಹೂವು ಬಂದಿರಬೇಕು. ಕೊನೆಗೆ ಅವರೂ ಚಪ್ಪಲಿ ಕೊಂಡು ತಂದು ಸುಮ್ಮನಾಗಿದ್ದರು.

ಚಿಕ್ಕಮ್ಮ ಈಗ ಊರಲ್ಲಿದ್ದಾರೆ. ಬಲಗೈಯ ಬೆರಳುಗಳಿಗೆ ಇನ್ನೂ ಸ್ಪರ್ಶ ಬಂದಿಲ್ಲ. ಬರಬಹುದು, ಬರದೆಯೂ ಇರಬಹುದು ಎಂದಿದ್ದಾರೆ ಡಾಕ್ಟರು. "ಮೊಗ್ಗು ಹಿಡಿದದ್ದು ಕಣ್ಣಿಗೆ ಕಾಣ್ತದೆ, ಬೆರಳಿಗೆ ಗೊತ್ತಾಗುವುದಿಲ್ಲ," ಎನ್ನುತ್ತಾರೆ. ಕಂಪ್ಲೇಂಟ್ ಕೊಡೋಣ ಎಂದರೆ ಅವರೇ ಬೈದರು: "ನಮ್ಮವರ ಮೇಲೆ ಪೊಲೀಸಿಗೆ ಹೋಗುವುದುಂಟಾ? ನಾಳೆ ಮುಖ ನೋಡುವುದು ಬೇಡವಾ?" ಸೊಸೈಟಿಯವರು ಮನೆಯೊಳಗಿನದು ಮಾಲೀಕರ ಜವಾಬ್ದಾರಿ ಎಂದು ಕೈತೊಳೆದುಕೊಂಡರು. ಚೀಟಿ ಇನ್ನೂ ಬಂದಿಲ್ಲ. ಮೇನ್ ಆಫ್ ಮಾಡಿ, ಕತ್ತಲಲ್ಲಿ ಮೀಯುತ್ತಿದ್ದೇವೆ.

ತಿಂಗಳ ಕೊನೆಗೆ ಮನೆ ಬಿಡುತ್ತಿದ್ದೇವೆ. ನಿನ್ನೆ ವಿಠಲಣ್ಣ ಕಳಿಸಿದರೆಂದು ಹೊಸದಾಗಿ ಮದುವೆಯಾದ ಜೋಡಿಯೊಂದು ಮನೆ ನೋಡಲು ಬಂತು. "ಗೀಸರ್ ಉಂಟಲ್ವಾ ಅಕ್ಕ?" ಎಂದಳು ಹುಡುಗಿ. ಕೂರಿಸಿ ಎಲ್ಲ ಹೇಳಿದೆ. ಚಿಕ್ಕಮ್ಮನ ಬೆರಳಿನವರೆಗೆ ಹೇಳಿದೆ. ಅವಳು ಗಂಡನ ಮುಖ ನೋಡಿದಳು. ಎಷ್ಟು ಮನೆ ಹತ್ತಿ ಇಳಿದಿದ್ದರೋ, ಪಾಪ, ಅವನ ಮುಖವೆಲ್ಲ ಬೆವರು.

"ವಿಠಲಣ್ಣನ ಹತ್ರ ಮಾತಾಡ್ತೇವೆ ಅಕ್ಕ," ಎಂದ. "ನಮ್ಮವರಲ್ವಾ."

ಅವರು ಹೋದ ಮೇಲೆ ಸಾಮಾನು ಕಟ್ಟಲು ಕೂತೆ. ಬಚ್ಚಲ ಬಾಗಿಲಲ್ಲಿ ಆ ಚಪ್ಪಲಿ ಹಾಗೇ ಇದೆ. ಇಟ್ಟು ಹೋದರೆ ಈ ನಲ್ಲಿ ಎಂದಿಗೂ ರಿಪೇರಿಯಾಗುವುದಿಲ್ಲ. ಎಸೆದು ಹೋದರೆ ಆ ಹುಡುಗಿ ಬರಿಗಾಲಲ್ಲಿ ಒಳಗೆ ಹೋಗುತ್ತಾಳೆ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?